ನಕ್ಕ ತಪ್ಪಿಗೆ ನಮ್ಮ ಅತ್ತೆಯವರ ಪರವಾಗಿ

ಸಿನಿಮಾ ಜಾಲತಾಣದಲ್ಲಿ ಪ್ರೇಕ್ಷಕರ ಅಭಿಪ್ರಾಯಗಳನ್ನು ಸೋಸುವ ಯಂತ್ರಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ನೆಗಡಿ ಬಂದರೂ ರಜೆ ಕೇಳದೆ, ಲೋಕದ ಮನಸ್ಸು ನೋಯದಂತೆ ಹಗಲಿರುಳು ಕಾಯುತ್ತಿರುವ ತಮಗೆ, ಕನ್ನಡಕ ಮಾಡಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಅನಂತಾನಂತ ನಮಸ್ಕಾರಗಳು.

ಕಳೆದ ಭಾನುವಾರ ನಾನೂ ನನ್ನ ಅತ್ತೆಯವರೂ, ನಾಜಿ ಶಿಬಿರದಿಂದ ಬದುಕಿ ಬಂದ ಇಬ್ಬರು ಹುಡುಗಿಯರ ಸಿನಿಮಾ ನೋಡಿದೆವು. ಅದರಲ್ಲೊಂದು ಕಡೆ, ಸೂಪಿಗಾಗಿ ಸಾಲು ನಿಂತ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆ ನಗುವಿಗಾಗಿ ತಮ್ಮ ತಾಣದಲ್ಲಿ ಜಟಾಪಟಿಯೇ ನಡೆದಿದೆ. ನರಮೇಧದ ನಡುವೆ ನಗುವುದು ಸತ್ತವರಿಗೆ ಅವಮಾನವೆಂದು ಒಬ್ಬರು ಒಂದು ನಕ್ಷತ್ರ ಕೊಟ್ಟರೆ, ನಗು ಸಾಲದು, ಬದುಕಿನಲ್ಲಿ ಭರವಸೆ ಹುಟ್ಟಲಿಲ್ಲವೆಂದು ಇನ್ನೊಬ್ಬರು ಎರಡು ಕೊಟ್ಟಿದ್ದಾರೆ. ಮೂರನೆಯವರಿಗೆ ಹುಡುಗಿಯರು ಬದುಕಿದ್ದೇ ಸಹಜವೆನಿಸಿಲ್ಲ. ನಾಲ್ಕನೆಯ ಮಹನೀಯರು, ತಮಗೆ ಒಂದೇ ಸಲ ಅಳು ಬಂತೆಂದು ಮೂರಕ್ಕೇ ಕೈ ಬಿಗಿಹಿಡಿದಿದ್ದಾರೆ. ಇವರೆಲ್ಲರ ಮಾತನ್ನೂ ತಾವು ಜೋಪಾನವಾಗಿ ಉಳಿಸಿಕೊಂಡಿದ್ದೀರಿ.

ನಮ್ಮ ಅತ್ತೆಯವರು ಹದಿನಾರನೆಯ ವಯಸ್ಸಿನಲ್ಲಿ ಅಂಥದ್ದೇ ಶಿಬಿರದಲ್ಲಿ, ಅಂಥದ್ದೇ ಸಾಲಿನಲ್ಲಿ ನಿಂತವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವಂತೆ, ಅಳಿಯನಿಗೆ ಮಾತ್ರ ಯಾವ ಕಾಲವೂ ಇಲ್ಲವೆಂದು ನಲವತ್ತು ವರ್ಷ ಅವರೊಡನೆ ಜಗಳವಾಡುತ್ತ ಬಂದಿರುವ ನನ್ನ ಕೈಯಿಂದಲೇ ಅವರು ಮೊನ್ನೆ ತಮ್ಮ ತಾಣಕ್ಕೆ ಮೂರು ಸಾಲು ಬರೆಸಿದರು: “ನಾವು ನಗ್ತಿದ್ವಿ. ನಮ್ಮಕ್ಕ ಆ ಬರೀ ನೀರಿನಂಥ ಸೂಪ್ ನೋಡಿ, ದೊಡ್ಡ ಹೋಟೆಲಲ್ಲಿ ಕೂತೋರ ಥರ, ‘ಕೊಬ್ಬು ಜಾಸ್ತಿಯಾಯ್ತು, ವಾಪಸ್ ತಗೊಂಡ್ಹೋಗ್ರೀ’ ಅಂತ ನನ್ನ ಕಿವೀಲಿ ಹೇಳ್ತಿದ್ಲು. ಆದ್ರೆ ಈ ಹುಡುಗೀರಷ್ಟು ಜೋರಾಗಿ ನಗೋ ಹಾಗಿರ್ಲಿಲ್ಲ.”

ಮರುಕ್ಷಣವೇ ತಾವು ಅದನ್ನು ಅಳಿಸಿಹಾಕಿ, ‘ಈ ಅಭಿಪ್ರಾಯವು ನರಮೇಧದಲ್ಲಿ ಬದುಕುಳಿದವರ ಭಾವನೆಗಳಿಗೆ ನೋವುಂಟುಮಾಡುತ್ತದೆ’ ಎಂದು ಅತ್ತೆಯವರಿಗೇ ಎಚ್ಚರಿಕೆ ಕಳಿಸಿದಿರಿ. ಆಹಾ, ಎಂಥ ಕರ್ತವ್ಯನಿಷ್ಠೆ! ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದನ್ನು ಕೇಳಿದ್ದೆ, ಕಣ್ಣಾರೆ ಕಂಡದ್ದು ಈಗ.

ಆ ಅಕ್ಕ ಶಿಬಿರದಿಂದ ವಾಪಸ್ ಬರಲಿಲ್ಲ. ಅವರದೊಂದು ಫೋಟೋ ಇಲ್ಲ, ಸಮಾಧಿಯಿಲ್ಲ. ಉಳಿದಿರುವುದು ಆ ಒಂದು ತಮಾಷೆ, ಅದನ್ನು ಬಲ್ಲವರು ತೊಂಬತ್ತು ದಾಟಿದ ನಮ್ಮ ಅತ್ತೆ ಒಬ್ಬರೇ. “ನಾನೂ ಹೋದ್ಮೇಲೆ, ಅವಳು ಹೀಗಿದ್ಲು ಅಂತ ಯಾರಪ್ಪಾ ಹೇಳ್ತಾರೆ?” ಎಂದು ಅವರು ಕೇಳಿದಾಗ ನನಗೆ ಸಂಕಟವಾಯಿತು, ಸ್ವಾಮಿ.

ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿ. ಒಂದೋ, ನಮ್ಮ ಅತ್ತೆಯವರು ಇನ್ನೊಮ್ಮೆ ಹದಿನಾರರವರಾಗಿ, ತಮ್ಮ ಪ್ರೇಕ್ಷಕರಿಗೆ ಒಪ್ಪುವ ರೀತಿಯಲ್ಲಿ ಬದುಕುಳಿಯಲು ಅನುಕೂಲ ಮಾಡಿಕೊಡಿ. ಇಲ್ಲವೇ, ಯಾರ ಮನಸ್ಸು ನೊಂದಿತೋ ಅವರ ವಿಳಾಸ ಕೊಡಿ. ಅತ್ತೆಯವರು ಖುದ್ದಾಗಿ ಕ್ಷಮೆ ಕೇಳಲು ಸಿದ್ಧರಿದ್ದಾರೆ, ಅವರಲ್ಲಿ ಅಕ್ಕನೂ ಇದ್ದರೆ ಇನ್ನೂ ಒಳ್ಳೆಯದಾಯಿತು.

ತಮ್ಮ ವಿಶ್ವಾಸಿ,
ಇಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆಯ ಪಕ್ಷ ವಹಿಸಿರುವ ಅಳಿಯ

ತಾ.ಕ.: ಈ ಪತ್ರ ಮುಗಿಯುವಷ್ಟರಲ್ಲಿ ಅತ್ತೆಯವರು ಅದೇ ಮೂರು ಸಾಲನ್ನು, ಅಕ್ಕನ ಹೆಸರನ್ನೂ ಸೇರಿಸಿ, ತಾವೇ ಒಂದೊಂದಕ್ಷರ ಒತ್ತಿ ಮತ್ತೆ ಹಾಕಿದ್ದಾರೆ. ತಾವು ಧಾರಾಳವಾಗಿ ಅಳಿಸಬಹುದು, ಅವರು ನಾಳೆಯೂ ಹಾಕುತ್ತಾರಂತೆ. ಸುಮ್ಮನೆ ತಮ್ಮ ಗಮನಕ್ಕೆ: ಆ ಹೆಂಗಸನ್ನು ಅಳಿಸಲು ತಮಗಿಂತ ದೊಡ್ಡ ಯಂತ್ರವೊಂದು ಹಿಂದೆ ಪ್ರಯತ್ನಪಟ್ಟು ಸೋತಿದೆ.