ಎಮ್ಮೆಯ ಔಷಧವೂ ಅಮ್ಮನ ನುಚ್ಚೂ

ನನ್ನ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಯಾವುದೂ ಮುಟ್ಟಬೇಕಾದಲ್ಲಿಗೆ ಮುಟ್ಟುವುದಿಲ್ಲ. ಹೀಗೆ ನಂಬಿದವರನ್ನು ಊರಲ್ಲಿ ಹುಚ್ಚರೆನ್ನುತ್ತಾರೆ. ಮಾಮಾನಿಗೆ ಅದಕ್ಕೇ ಡಾಕ್ಟರೇಟ್ ಕೊಟ್ಟಿದ್ದಾರೆ! ದೂರದ ಪ್ರಯೋಗಾಲಯವೊಂದರಲ್ಲಿ, ಕ್ಯಾನ್ಸರ್ ಔಷಧವನ್ನು ಕಣ್ಣಿಗೆ ಕಾಣದ ನ್ಯಾನೊ ಕಣಗಳಲ್ಲಿ ತುಂಬಿ ನೇರ ಗಡ್ಡೆಗೇ ಕಳಿಸುವ ಸಂಶೋಧನೆ ಅವನದು. ಕಣಗಳು ಗಡ್ಡೆಗೆ ಹೋಗುತ್ತವೆಯೇ? ಬಹುಪಾಲು ದಾರಿಯಲ್ಲಿ ಲಿವರಿನಲ್ಲೇ ಇಳಿದುಬಿಡುತ್ತವೆ.

ಈ ವರ್ಷ ಅಮ್ಮನಿಗೆ ಆ ರೋಗವೇ ಬಂತು. ಕೀಮೋ ಆದಮೇಲೆ ಬಾಯಿ ತುಂಬ ಹುಣ್ಣು. ಏನಿಟ್ಟರೂ ತಟ್ಟೆ ಸರಿಸುವಳು. ತೂಕ ಹೀಗೇ ಇಳಿದರೆ ಮುಂದಿನ ಡೋಸು ಕೊಡಲಾಗದೆಂದು ಡಾಕ್ಟರು ಹೇಳಿದ್ದರು. ಅಮ್ಮ ಬೇಡಿದ್ದು ಒಂದೇ: ಆಲಮೇಲದ ಅಜ್ಜಿಯ ಕೈಯ ಜೋಳದ ನುಚ್ಚು, ಮಜ್ಜಿಗೆ. ಅಜ್ಜಿಗೋ ಮೊಣಕಾಲು ನೋವು, ನಾವಿರುವ ಸಿಂದಗಿಯ ಬಸ್ಸು ಹತ್ತಲಾರಳು. ರಜೆ ಹಾಕಿ ಆಲಮೇಲಕ್ಕೆ ಬಂದಿದ್ದ ಮಾಮಾ, "ಬುತ್ತಿ ಕಳಸೂ ಜವಾಬ್ದಾರಿ ನಂದು" ಎಂದ. ನಮಗೆ ಆಗಲೇ ತಿಳಿಯಬೇಕಿತ್ತು.

ಮೊದಲ ಬುತ್ತಿಯನ್ನು ಕಂಡಕ್ಟರ್ ಕೈಗೆ ಕೊಟ್ಟ. ನಮ್ಮ ಕಡೆ ಬುತ್ತಿಗಳು ಹೀಗೇ ಪ್ರಯಾಣ ಮಾಡುತ್ತವೆ. ಇದು ಮಾತ್ರ ಸಿಂದಗಿಯಲ್ಲಿ ಇಳಿಯುವುದನ್ನು ಮರೆತು ವಿಜಯಪುರ ನೋಡಲು ಹೋಯಿತು.

"ಲಿವರ್‌ಗೆ ಹೋತು," ಎಂದ ಮಾಮಾ ಫೋನಿನಲ್ಲಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡನಂತೆ: ಮುಟ್ಟಲಿಲ್ಲ.

ಎರಡನೆಯದನ್ನು ಹಸಿದ ಪ್ರಯಾಣಿಕನೊಬ್ಬ ಬಿಚ್ಚಿದ. ಡಬ್ಬಿ ಬಂತು, ತೊಳೆದಿತ್ತು. ನಮ್ಮ ಜನ ಸಂಸ್ಕಾರವಂತರು!

"ರಕ್ತದಾಗೂ ಹಿಂಗಽ. ಕಾವಲಿನ ಜೀವಕೋಶ ನಮ್ಮ ಕಣಾ ಹಿಡದು ತಿಂದಬಿಡ್ತಾವ. ಮ್ಯಾಲೊಂದು ಮುಸುಕು ಹಾಕಬೇಕು," ಎಂದ ಮಾಮಾ.

ಮೂರನೆಯದಕ್ಕೆ ಮುಸುಕು ಬಂತು: ಗೋಣಿಚೀಲ, ಅದರ ಮೇಲೆ ದಪ್ಪಕ್ಷರದಲ್ಲಿ "ಎಮ್ಮಿ ಔಷಧ". ಯಾರೂ ಕೈ ಹಚ್ಚಲಿಲ್ಲ. ಸಿಂದಗಿ ನಿಲ್ದಾಣದಲ್ಲಿ ಸುರಕ್ಷಿತವಾಗಿ ಅಪ್ಪನ ಕೈ ಸೇರಿತು. ಅಪ್ಪ ಓದಿದರು. ನಮ್ಮಲ್ಲಿ ಎಮ್ಮೆಯಿಲ್ಲ. ಕಂಡಕ್ಟರ್ ತಪ್ಪು ಚೀಲ ಕೊಟ್ಟನೆಂದುಕೊಂಡು, ಹಾಳಾಗುವುದೇಕೆಂದು ಹಿಂದಿನ ಮನೆಯವರಿಗೆ ಕೊಟ್ಟುಬಿಟ್ಟರು. ಅವರಲ್ಲಿ ಎಮ್ಮೆಯಿದೆ. ಒಂದೇ ಉಸಿರಿಗೆ ಮುಗಿಸಿತಂತೆ.

"ಮುಸುಕು ಭಾಳ ಗಟ್ಟಿ ಆತು," ಎಂದ ಮಾಮಾ. "ಮನಿಯವರಿಗೇ ಗುರ್ತ ಸಿಗಲಿಲ್ಲ."

"ಮೊದಲಽ ಫೋನ್ ಮಾಡಿ ಹೇಳಬಾರದಿತ್ತೇನು?"

"ರಕ್ತದಾಗ ಫೋನ್ ಎಲ್ಲಿರ್ತಾವೋ?"

ನಾನು ಬಿಡಲಿಲ್ಲ. "ಅಲ್ಲ ಮಾಮಾ, ಒಂದ್ ತಾಸಿನ ಹಾದಿ. ನೀನಽ ಬಸ್ ಹತ್ತಿ ತರಬಾರದಾ? ಊರಿಗೆ ಬಂದು ಎಂಟ್ ದಿನಾತು, ಅಕ್ಕನ ಮಾರಿ ಸೈತ ನೋಡಿಲ್ಲ. ಯಾಕ?"

 

"ಏನಂತ ಬರ್ಲೋ?" ಎಂದ ಮಾಮಾ. "ಹನ್ನೆರಡು ವರ್ಷಾತು. ಇನ್ನೂ ಇಲಿ ಮ್ಯಾಲಿನ ಪ್ರಯೋಗ ದಾಟಿ ಮುಂದ ಬಂದಿಲ್ಲ ನನ್ನ ಔಷಧ. 'ತಮ್ಮಾ, ನಿನ್ನ ಔಷಧ ಎಲ್ಲೈತಿ' ಅಂದ್ರ ಅಕ್ಕಗ ಏನ್ ಹೇಳ್ಲಿ?"



ಮರುದಿನ ಮಧ್ಯಾಹ್ನ ಮಾಮಾ ಬಾಗಿಲಲ್ಲಿ ನಿಂತಿದ್ದ. ಗೋಣಿಯಿಲ್ಲ, ದಪ್ಪಕ್ಷರವಿಲ್ಲ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಕ್ಕೆ ಪ್ಯಾಂಟಿನ ಮೇಲೆ ಮಜ್ಜಿಗೆಯ ಸಾಕ್ಷಿಯಿತ್ತು. ಅಮ್ಮ ಔಷಧದ ಮಾತೇ ಎತ್ತಲಿಲ್ಲ. "ಎಷ್ಟ್ ಸೊರಗೀಯೋ! ಉಂಡೀ ಇಲ್ಲೋ?" ಎಂದಳು. ತಲೆಯಲ್ಲೊಂದೂ ಕೂದಲಿಲ್ಲದ ಅಮ್ಮ ಅವನಿಗೆ ಹೇಳಿದ್ದು!

ಅವನು ಚಮಚ ಮುಂದೆ ಹಿಡಿದ. ಅಮ್ಮ ಬಾಯಿ ತೆರೆದಳು. ನುಂಗುವಾಗ ಮುಖ ಕಿವುಚಿದಳು, ಮತ್ತೆ ತೆರೆದಳು. ಡಬ್ಬಿ ಅರ್ಧಕ್ಕೆ ಇಳಿಯಿತು.

ಮಾಮಾನ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚಮಚ. ಕಿಸೆಯಲ್ಲಿದ್ದ ನೋಟ್‌ಬುಕ್ಕಿನತ್ತ ಗದ್ದದಿಂದ ಸನ್ನೆ ಮಾಡಿ, ನನ್ನ ಕಡೆ ನೋಡದೆಯೇ, "ನೀನಽ ಬರಿಯೋ," ಎಂದ.

ಬರೆದೆ: ಮುಟ್ಟಿತು.