ನಾಲೆ ನಕ್ಷೆಯವರು ಹರಕೆಗೆ ಹೊರಟದ್ದು

ಕಾವೇರಿಯ ನೀರಿಗೇ ದಾರಿ ತೋರಿಸಿದವನು ಎರಡು ಜೊತೆ ಕಾಲಿಗೆ ದಾರಿ ತೋರಿಸಲಾರನೇ ಎಂಬುದು ಅನಂತರಾಮು ಅವರ ಪ್ರಶ್ನೆ. ಮಂಡ್ಯದ ಕಚೇರಿಯೊಂದರಲ್ಲಿ ನಾಲೆಗಳ ನಕ್ಷೆ ಬರೆಯುವುದು ಅವರ ಕೆಲಸ. ನಾಲೆ ತೋಡಿದವರು ಬೇರೆ, ನೀರು ಬಿಟ್ಟವರು ಬೇರೆ; ಆದರೂ ಜಿಲ್ಲೆಯ ಗದ್ದೆಗಳಿಗೆ ನೀರು ಹರಿದದ್ದು ತಮ್ಮ ಪೆನ್ಸಿಲಿನ ತುದಿಯಿಂದ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಕಾಲಿಗೆ ಕೆಲಸ ಬಂದದ್ದು ಹೆಂಡತಿ ಪದ್ಮಮ್ಮನವರ ಹರಕೆಯಿಂದ. ಹಿಂದಿನ ವರ್ಷ ಅನಂತರಾಮು ವಿಷಮಜ್ವರದಲ್ಲಿ ಕಣ್ಣು ಬಿಡದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಇವರು ಎದ್ದರೆ ಸಾಕು, ಇಬ್ಬರೂ ಮನೆಯ ಹೊಸಲಿನಿಂದ ಮುತ್ತತ್ತಿ ಆಂಜನೇಯನ ಗುಡಿಯವರೆಗೆ ಬರಿಗಾಲಲ್ಲಿ ನಡೆಯುತ್ತೇವೆ ಎಂದು ಪದ್ಮಮ್ಮ ಬೇಡಿಕೊಂಡಿದ್ದರು. ನಡುವೆ ಯಾವ ವಾಹನವನ್ನೂ ಹತ್ತುವಂತಿಲ್ಲ. ಹತ್ತಿದರೆ ನಡೆದದ್ದೆಲ್ಲ ವ್ಯರ್ಥ, ಮತ್ತೆ ಹೊಸಲಿನಿಂದಲೇ ಶುರು. ಅನಂತರಾಮು ಎದ್ದರು. ಎದ್ದು, ನಾಲ್ಕು ತಿಂಗಳು ಚೆನ್ನಾಗಿ ಉಂಡು, ಹರಕೆಯ ಮೇಲ್ವಿಚಾರಣೆಯನ್ನು ತಾವೇ ವಹಿಸಿಕೊಂಡರು.

ಮಂಡ್ಯದಿಂದ ಮಳವಳ್ಳಿಗೆ ನೇರವಾದ ರಸ್ತೆಯಿದೆ. ಮಳವಳ್ಳಿಯಲ್ಲಿ ಪದ್ಮಮ್ಮನವರ ತಮ್ಮ ಕಸ್ತೂರಿರಂಗನ ಮನೆ. ಅಲ್ಲಿ ತಂಗಿ ಹಲಗೂರಿನ ಮೇಲೆ ಮುತ್ತತ್ತಿಗೆ ಹೋದರಾಯಿತು. ಇಷ್ಟು ಸುಲಭದ ದಾರಿಯಲ್ಲಿ ನಕ್ಷೆ ಬರೆಯುವವನಿಗೆ ಏನು ಕೆಲಸ? ಅನಂತರಾಮು ಅದನ್ನು ತಿರಸ್ಕರಿಸಿದರು. ಅವರ ನಕ್ಷೆಯಲ್ಲಿ ದಾರಿ ಹನಕೆರೆಗೆ ಹೋಯಿತು, ಮದ್ದೂರಿಗೆ ಹೋಯಿತು, ಅಲ್ಲಿ ಸೊಂಟ ತಿರುಗಿಸಿ ಮಳವಳ್ಳಿಗೆ ಬಂತು. ಹನಕೆರೆಯಲ್ಲಿ ಪರಿಚಯದ ಮಾದಯ್ಯನ ತೋಟದ ಎಳನೀರು. ಮದ್ದೂರಿನಲ್ಲಿ ಅಕ್ಕ ತಿರುಮಲಮ್ಮನ ಹೋಳಿಗೆ; ಸಕ್ಕರೆ ರೇಷನ್ನಿನ ಆ ಕಾಲದಲ್ಲೂ ಕೈ ಬಿಗಿಹಿಡಿಯದ ಕಾಫಿ.

“ನಾಲೆ ಎಂದಾದರೂ ನೆಟ್ಟಗೆ ಹರಿಯುತ್ತದೇನೇ? ಬಳಸಿ ಹೋಗುವುದರಲ್ಲೇ ಇರೋದು ಜಾಣತನ” ಎಂದರು.

“ನಾಲೆ ಅಕ್ಕನ ಮನೆ ಹೋಳಿಗೆಗೆ ತಿರುಗಲ್ಲ” ಎಂದರು ಪದ್ಮಮ್ಮ. “ಅಷ್ಟು ಊರು ಸುತ್ತಿದರೆ ಅಷ್ಟು ಜನಕ್ಕೂ ಗೊತ್ತಾಗತ್ತೆ. ಗೊತ್ತಾದವರೆಲ್ಲ ಕಾಯಿ ಕೊಡ್ತಾರೆ. ಬೇಡ ಅನ್ನೋ ಹಾಗಿಲ್ಲ.”

“ಕೊಟ್ಟರೆ ಎಷ್ಟು ಕೊಟ್ಟಾರು?”

ಈ ಪ್ರಶ್ನೆಗೆ ಹನಕೆರೆಯಲ್ಲಿ ಉತ್ತರ ಬರಲು ಮೊದಲಾಯಿತು. ಎಳನೀರು ಕುಡಿಸಿದ ಮಾದಯ್ಯ, ಒಳಗಿನಿಂದ ಒಂದು ತೆಂಗಿನಕಾಯಿ ತಂದ.

“ನಮ್ದೂ ಒಂದ್ ಒಡಸ್ಬುಡಿ ಸ್ವಾಮ್ಯಾರೆ. ನಡ್ಕಂಡು ಓಗೋರ ಕೈಲಿ ಕೊಟ್ರೆ ನಾವೇ ನಡ್ದಂಗೆ.”

ಕೂತಲ್ಲೇ ನಡೆದು ಪುಣ್ಯ ಗಳಿಸುವ ಈ ಉಪಾಯ ಬೀದಿಗೆಲ್ಲ ಹಿಡಿಸಿತು. ಮಾದಯ್ಯನ ಪಕ್ಕದ ಮನೆಯವರು ತಂದರು, ಎದುರು ಮನೆಯವರು ತಂದರು, ಮಾದಯ್ಯನೊಡನೆ ಮಾತುಬಿಟ್ಟಿದ್ದವರೂ ತಂದರು. ಹರಕೆಗೆ ನಡೆಯುವವರು ಇನ್ನೊಬ್ಬರ ಕಾಯಿ ಒಲ್ಲೆವೆಂದರೆ ದೇವರಿಗೇ ಅಡ್ಡ ನಿಂತ ಹಾಗೆ. ಮದ್ದೂರು ಸೇರುವಾಗ ಅನಂತರಾಮು ಅವರ ಎರಡು ಹೆಗಲಿಗೂ ಒಂದೊಂದು ಚೀಲ.

ತಿರುಮಲಮ್ಮ ತಮ್ಮನಿಗೆ ಹೋಳಿಗೆಯನ್ನು ಲೆಕ್ಕವಿಡದೆ ಬಡಿಸಿದರು. ಜೊತೆಗೆ, ತಮ್ಮ ಬರುವ ಸುದ್ದಿಯನ್ನು ಒಂದು ವಾರ ಮೊದಲೇ ಅಗ್ರಹಾರಕ್ಕೆಲ್ಲ ಹಂಚಿದ್ದರು. ಬೆಳಗ್ಗೆ ಜಗಲಿಯ ಮೇಲೆ ತೆಂಗಿನಕಾಯಿಯ ಗುಡ್ಡೆ ಬಿದ್ದಿತ್ತು.

“ಅಕ್ಕಾ, ಇದನ್ನು ಹೊರೋದು ಹೇಗೆ?”

“ಅದೇನೋ, ನೀರನ್ನೇ ಊರೂರಿಗೆ ಸಾಗಿಸ್ತೀಯಂತೆ. ಕಾಯಿ ಸಾಗಿಸೋಕೆ ಆಗಲ್ವೇನೋ ಅನಂತು?”

ಹೀಗೆ ಮಳವಳ್ಳಿಯ ಕಡೆ ಹೋಗುತ್ತಿದ್ದ ನಿಂಗಯ್ಯನ ಎತ್ತಿನ ಗಾಡಿಯಲ್ಲಿ ಕಾಯಿಗಳು ಸುಖವಾಗಿ ಕುಳಿತವು. ಹರಕೆಯವರು ಹಿಂದೆ ಧೂಳಿನಲ್ಲಿ ನಡೆದರು. ಏರು ಬಿಸಿಲು. ಹೊಟ್ಟೆಯಲ್ಲಿ ಅಕ್ಕನ ಪ್ರೀತಿ ಭಾರವಾಗಿ ಕುಳಿತಿತ್ತು. ಅರ್ಧ ದಾರಿ ಕಳೆದ ಮೇಲೆ ಅನಂತರಾಮು ಅವರ ಅಂಗಾಲಿಗೆ ಒಂದು ಜಾಲಿಮುಳ್ಳು ಹೊಕ್ಕಿತು. ಪದ್ಮಮ್ಮ ನಾಲೆಗಿಳಿದು ಮುಖ ತೊಳೆಯುತ್ತಿದ್ದರು. ನಿಂಗಯ್ಯ ಎತ್ತುಗಳಿಗೆ ನೀರು ಕುಡಿಸಿ, ಗಾಡಿಯ ಮುಂದುಗಡೆ ಕುಳಿತು ಬೀಡಿ ಹಚ್ಚಿದ್ದ. ನಿಂತ ಗಾಡಿಯ ಹಿಂಬದಿಗೆ ಒರಗಿ ಮುಳ್ಳು ತೆಗೆದರೆ ತಪ್ಪೇನು? ಒರಗಿದರು. ಒರಗಿದರೆ ಕಾಲು ಎಟುಕುವುದಿಲ್ಲವೆಂದು ಕುಳಿತರು. ಮುಳ್ಳು ಬಂತು. ಅದರ ಹಿಂದೆಯೇ ನಿದ್ದೆಯೂ ಬಂತು.

ಪದ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ದಂಡೆ ಹತ್ತಿದಾಗ ಗಾಡಿ ದೂರ ಹೋಗಿತ್ತು. ಅದರ ಹಿಂದೆ ಎರಡು ಕಾಲುಗಳು ತೂಗಾಡುತ್ತಿದ್ದವು. ಕೂಗಿದರು. ಕೇಳಬೇಕಾದವರು ಕಾಯಿ ಮೂಟೆಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಮಳವಳ್ಳಿಯಲ್ಲಿ ಕಸ್ತೂರಿರಂಗ, ಹರಕೆಗೆ ನಡೆದು ಬಂದವರ ಪಾದ ತೊಳೆಯಲು ಬಿಂದಿಗೆ ನೀರು, ತಟ್ಟೆ, ಅರಿಸಿನ ಇಟ್ಟುಕೊಂಡು, ನೆರೆಹೊರೆಯವರನ್ನೆಲ್ಲ ಸೇರಿಸಿಕೊಂಡು ಬಾಗಿಲಲ್ಲಿ ಕಾದಿದ್ದ. ಗಾಡಿ ನಿಂತಿತು. ನಿಂಗಯ್ಯ ಹಿಂದಕ್ಕೆ ತಿರುಗಿ ನೋಡಿ ಬೆಚ್ಚಿದ.

“ಇದೇನ್ ಸ್ವಾಮ್ಯಾರೆ, ನೀವ್ಯಾವಾಗ ಅತ್ತುದ್ರಿ? ನಾನು ಕಾಯಿ ಮಾತ್ರ ಅದೆ ಅಂದ್ಕಂಡಿದ್ದೆ!”

ಕಸ್ತೂರಿರಂಗ ಭಾವನ ಪಾದ ನೋಡಿದ, ಬಿಂದಿಗೆ ನೋಡಿದ. ಏನು ಮಾಡುವುದೆಂದು ತಿಳಿಯದೆ, ಎತ್ತುಗಳ ಕಾಲಿಗೆ ನೀರು ಹಾಕಿದ.

ಪದ್ಮಮ್ಮ ಬಂದು ಮುಟ್ಟುವಾಗ ಸಂಜೆ. ಅಷ್ಟರೊಳಗೆ ಅನಂತರಾಮು ವಾದ ಸಿದ್ಧಮಾಡಿಕೊಂಡಿದ್ದರು. ತಾವು ಗಾಡಿ ಹತ್ತಲಿಲ್ಲ, ಕುಳಿತದ್ದಷ್ಟೇ. ಗಾಡಿ ತಾನಾಗಿ ಹೊರಟಿತು. ಅಲ್ಲದೆ ಬಳಸುದಾರಿಯಲ್ಲಿ ಹೆಚ್ಚಿಗೆ ನಡೆದದ್ದನ್ನು ಇದಕ್ಕೆ ವಜಾ ಹಾಕಿದರೆ ದೇವರಿಗೇನೂ ನಷ್ಟವಿಲ್ಲ. ಪದ್ಮಮ್ಮ ಪೂರ್ತಿ ಕೇಳಿದರು.

“ನೀವು ಕಣ್ಣು ಬಿಡದೆ ಮಲಗಿದ್ದಾಗ, ಇವರನ್ನ ಅರ್ಧ ಬದುಕಿಸು ಅಂತ ನಾನು ಕೇಳಿರಲಿಲ್ಲ.”

ವಾದ ಅಲ್ಲಿಗೆ ಮುಗಿಯಿತು. ಅನಂತರಾಮು ಎದ್ದು ಮಂಡ್ಯದ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹೆಂಡತಿಯ ಬೊಬ್ಬೆ ಎದ್ದ ಕಾಲು ನೋಡಿ, “ನಿನ್ನ ನಡಿಗೆ ಕೆಟ್ಟಿಲ್ಲವಲ್ಲ, ನೀನು ಇಲ್ಲೇ ಇರು. ನಾನೊಬ್ಬನೇ ಹೊಸಲಿನಿಂದ ನಡೆದು ಬರ್ತೀನಿ” ಎಂದರು. ಮದುವೆಯಾದಾಗಿನಿಂದ ಅವರು ಆಡಿದ ಮಾತುಗಳಲ್ಲಿ ಇದು ಉತ್ತಮವಾದದ್ದೆಂದು ಹೇಳಬಹುದು.

“ಒಬ್ಬರನ್ನೇ ಹೇಗೆ ಬಿಡಲಿ?” ಎಂದರು ಪದ್ಮಮ್ಮ. “ದಾರಿ ತುಂಬ ಗಾಡಿಗಳಿರ್ತವೆ.”

ರಾತ್ರಿಯ ಬಸ್ಸಿನಲ್ಲೇ ಊರು ಸೇರಿ, ಮಾರನೆಯ ದಿನ ನಸುಕಿನಲ್ಲಿ, ಯಾರಿಗೂ ಹೇಳದೆ, ಇಬ್ಬರೂ ಮಂಡ್ಯದ ಮನೆಯ ಹೊಸಲು ಮತ್ತೆ ದಾಟಿದರು. ನೇರ ರಸ್ತೆ. ಪದ್ಮಮ್ಮ ಮುಂದೆ, ನಾಲೆಗಳ ನಕ್ಷೆಗಾರರು ಹಿಂದೆ. ಹೋಳಿಗೆಯಿಲ್ಲ, ಸೆರಗಿನ ಗಂಟಿನಲ್ಲಿ ಅವಲಕ್ಕಿ, ಬೆಲ್ಲ. ಎದುರಿಗೆ ಗಾಡಿ ಬಂದಾಗಲೆಲ್ಲ ಅನಂತರಾಮು ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಇಳಿಯುತ್ತಿದ್ದರು.

ಈ ಸಲ ಕಸ್ತೂರಿರಂಗನ ಬಿಂದಿಗೆ ನೀರು ಒಂದು ಜೊತೆ ಕಾಲಿಗೇ ಖಾಲಿಯಾಯಿತು. ಇನ್ನೊಂದು ಜೊತೆಗೆ ಮತ್ತೆ ಸೇದಬೇಕಾಯಿತು. ರಾತ್ರಿ ಉಂಡು ಮಲಗಿ ಬೆಳಗ್ಗೆ ಹೊರಡುವಾಗ, ತುಟಿಯಂಚಿನ ನಗೆಯನ್ನು ತಡೆದುಕೊಂಡು ಅವನು ಕೇಳಿದ:

“ಇಲ್ಲಿಂದ ಮುಂದಕ್ಕೆ ಯಾವ ದಾರಿ ಆರಿಸಿದ್ದೀರಿ ಭಾವ?”

ಪದ್ಮಮ್ಮ ಆಗಲೇ ಬೀದಿಗೆ ಇಳಿದು ನಡೆಯುತ್ತಿದ್ದರು. ಅನಂತರಾಮು, ನಿಂಗಯ್ಯ ಇಳಿಸಿ ಹೋಗಿದ್ದ ಕಾಯಿಯ ಒಂದು ಮೂಟೆಯನ್ನು ತಲೆಗೆ ಏರಿಸಿಕೊಂಡರು.

“ಅಗೋ, ಅಲ್ಲಿ ಹೋಗ್ತಾ ಇದೆಯಲ್ಲ” ಎಂದರು, “ಅದೇ ಕಣಯ್ಯ.”