ಗೌರವ ಹೆಚ್ಚಾಗಿ ಸರಿದ ಅಂಕಿಗಳು

ಶುದ್ಧವಾಗಿ ಬರೆಯಬೇಕು, ಶುದ್ಧವಾಗಿ ಮಾತನಾಡಬೇಕು ಎಂಬ ಚಿಂತೆ ನನಗೆ ಪದವಿಯ ಜೊತೆಗೇ ಬಂದದ್ದು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ತಪ್ಪಿದರೆ ತಿದ್ದುವವರು ಮನೆಯಲ್ಲಿಲ್ಲ, ನಗುವವರು ಮಾತ್ರ ಊರ ತುಂಬ ಇದ್ದಾರೆ. ಬ್ಯಾಡಗಿಯಲ್ಲಿ ಬಸ್ಸು ಹತ್ತಿ, "ದಯವಿಟ್ಟು ರಾಣೆಬೆನ್ನೂರಿಗೆ ಒಂದು ಟಿಕೆಟ್ ಕೊಡಿ" ಎಂಬ ವಾಕ್ಯವನ್ನು ನಾನು ಜೋಡಿಸಿ ಮುಗಿಸುವಷ್ಟರಲ್ಲಿ ಕಂಡಕ್ಟರು ಹಿಂದಿನ ಸೀಟಿನವರಿಗೆ ಚಿಲ್ಲರೆ ಕೊಡುತ್ತಿರುತ್ತಾರೆ.

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪರೀಕ್ಷಾಲಯದಲ್ಲಿ ನನ್ನ ಉದ್ಯೋಗ. ರೈತರು ಬೆಳೆದು ತಂದ ಮೆಣಸಿನ ಬೀಜದಲ್ಲಿ ನೂರಕ್ಕೆ ಎಷ್ಟು ಮೊಳೆಯುತ್ತವೆ, ಹಸಿ, ಅಂದರೆ ತೇವ, ಎಷ್ಟಿದೆ, ಶುದ್ಧತೆ ಎಷ್ಟು ಎಂದು ಪರೀಕ್ಷಿಸಿ ಕಂಪ್ಯೂಟರಿಗೆ ಒಪ್ಪಿಸುತ್ತೇವೆ. ಅದಕ್ಕೊಂದು ಪುಟ್ಟ ಪ್ರೋಗ್ರಾಮನ್ನು ನಾನೇ ಬರೆದೆ. ಮೊದಮೊದಲು ಅದು ಅಂಕಿಗಳನ್ನೆಲ್ಲ ಚೌಕ ಕಂಸಗಳೊಳಗೆ ತುರುಕಿ ಕಪ್ಪು ಪರದೆಯ ಮೇಲೆ ಒಮ್ಮೆಲೇ ಸುರಿಯುತ್ತಿತ್ತು. ನಮ್ಮ ಮ್ಯಾನೇಜರ್ ಪಾಟೀಲರು ಕಣ್ಣು ಕಿರಿದು ಮಾಡಿ ನೋಡಿ, "ಏನ್ರೀ ಇದು, ಚುರುಮುರಿ ಚೆಲ್ಲಿದಂಗ ಐತಿ! ಸಾಲು ಹಿಡದು ಕುಂದರಸ್ರಿ" ಎಂದರು.

ನಾನು ಸಾಲು ಹಿಡಿದು ಕುಳ್ಳಿರಿಸಿದೆ. ಎಡಕ್ಕೆ ರೈತರ ಹೆಸರು, ಬಲಕ್ಕೆ ಮೂರು ಕಂಬಸಾಲುಗಳಲ್ಲಿ ಮೊಳಕೆ, ಹಸಿ, ಶುದ್ಧತೆ. ತಲೆಬರಹಗಳನ್ನು ಖಾಲಿ ಜಾಗ ಒತ್ತಿ ಒತ್ತಿ ಕೈಯಿಂದಲೇ ನೇರ ಮಾಡಿದೆ. ಕೆಳಗಿನ ಸಾಲುಗಳಲ್ಲಿ ಹೆಸರಿನ ಅಕ್ಷರ ಎಣಿಸಿ ಉಳಿದಷ್ಟು ಜಾಗ ಬಿಡುವ ಕೆಲಸವನ್ನು ಯಂತ್ರಕ್ಕೇ ವಹಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಖಿ. ಆದರೆ ಹಿರಿಯರನ್ನು ಬರಿಯ ಹೆಸರಿನಿಂದ ಕರೆಯುವುದು ಸಭ್ಯತೆಯೇ ಎಂಬ ಸಂಶಯ ಕೊರೆಯತೊಡಗಿತು. ಗಂಡಸರಿಗೆಲ್ಲ 'ಶ್ರೀ' ಹಚ್ಚಿದೆ. ಕರ್ಜಗಿಯ ಶಾಂತವ್ವ ಆ ಸಲ ಬೀಜ ತಂದಿದ್ದ ಏಕೈಕ ಮಹಿಳೆ. ಅವರನ್ನು 'ಶ್ರೀಮತಿ ಶಾಂತವ್ವ ವೀರಭದ್ರಪ್ಪ' ಎಂದು ವಿಸ್ತಾರವಾಗಿಯೇ ಗೌರವಿಸಿದೆ.

ಫಲಿತಾಂಶದ ದಿನ ಶಾಂತವ್ವ ಚೀಲದ ಪಕ್ಕದಲ್ಲೇ ಕುಳಿತಿದ್ದರು. ಪಾಸಾದರೆ ಬೀಜ ಗೋದಾಮಿಗೆ, ನಪಾಸಾದರೆ ಬಾಗಿಲಲ್ಲಿ ನಿಂತ ಟಂಟಂ ಆಟೋದಲ್ಲಿ ಮರಳಿ ಕರ್ಜಗಿಗೆ. ಪಾಟೀಲರು ಪರದೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿದು, ಶಾಂತವ್ವನ ಸಾಲಿಗೆ ಬಂದು ನಿಂತರು.

"ಮೊಳಕಿ ಏಳು. ಹಸಿ ತೊಂಬತ್ತೆಂಟು. ಯವ್ವಾ, ಇದು ಬೀಜನೋ, ಕಲ್ಲಂಗಡಿನೋ?"

"ಏಳಾ? ನೂರಕ್ಕ ಏಳಾ?" ಶಾಂತವ್ವ ಎದ್ದು ನಿಂತರು. "ಒಂದೊಂದು ಹೂವಿಗೂ ಬಗ್ಗಿ ಬಗ್ಗಿ ಗಂಡುಹೂವಿನ ಪುಡಿ ಹಚ್ಚಿ ಕ್ರಾಸಿಂಗ್ ಮಾಡೇನ್ರಿ ಸಾಹೇಬ್ರ. ನಾ ಹಿತ್ತಲದಾಗ ಮೆಣಸಿನಕಾಯಿ ತಿಂದು ಬೀಜ ಉಗುಳಿದ್ದರ ಇದಕ್ಕಿಂತ ಹೆಚ್ಚ ಹುಟ್ಟತಿದ್ವು!"

ಅವರ ಬೀಜ ಎಂಬತ್ತೆಂಟು ಮೊಳೆತದ್ದನ್ನು ತಟ್ಟೆಯಲ್ಲಿ ನಾನೇ ಕಂಡಿದ್ದೆ. ಪರದೆಯತ್ತ ಬಗ್ಗಿ ನೋಡಿದರೆ, ಆ ಎಂಬತ್ತೆಂಟು ಎಡಕ್ಕೆ ಸರಿದು ವೀರಭದ್ರಪ್ಪನವರಿಗೆ ಅಂಟಿಕೊಂಡು ಅವರ ಮನೆಯ ನಂಬರಿನಂತೆ ನಿಂತಿತ್ತು! ಹಸಿಯ ಏಳು ಮೊಳಕೆಯ ಕೆಳಗೆ, ಶುದ್ಧತೆಯ ತೊಂಬತ್ತೆಂಟು ಹಸಿಯ ಕೆಳಗೆ. ಕಾರಣವೂ ಹೊಳೆಯಿತು. ನಮಗೆ 'ಶ್ರೀ' ಒಂದೇ ಅಕ್ಷರ. ಯಂತ್ರವು ಒತ್ತು, ದೀರ್ಘಗಳನ್ನೆಲ್ಲ ಬಿಡಿಸಿ ನಾಲ್ಕೆಂದು ಎಣಿಸುತ್ತದೆ. ಹೆಸರು ಬಹಳ ಉದ್ದವಿದೆಯೆಂದು ನಂಬಿ, ಮುಂದೆ ಖಾಲಿ ಜಾಗವನ್ನು ಜಿಪುಣತನದಿಂದ ಬಿಡುತ್ತದೆ. ಒತ್ತಕ್ಷರ ಹೆಚ್ಚಿದಷ್ಟೂ ಅಂಕಿ ಎಡಕ್ಕೆ.

ಇದನ್ನು ಹೀಗೆಯೇ ಹೇಳಬಹುದಿತ್ತು. ನಾನು ಗಂಟಲು ಸರಿಪಡಿಸಿಕೊಂಡು, "ಮಾನ್ಯರೇ, ಇದು ಬೀಜದ ದೋಷವಲ್ಲ, ನಾಮಧೇಯದಲ್ಲಿನ ಸಂಯುಕ್ತಾಕ್ಷರಗಳ ಬಾಹುಳ್ಯದ ಪರಿಣಾಮ" ಎಂದೆ.

"ಅಂದ್ರ, ಆಕಿ ಹೆಸರಿನ ದೋಷ ಅಂತೀರೇನು?" ಎಂದರು ಪಾಟೀಲರು.

"ನನ್ನ ಹೆಸರಿಗೆ ಏನಾಗೇತಿ?" ಶಾಂತವ್ವ ನನ್ನತ್ತ ತಿರುಗಿದರು. "ನಮ್ಮ ಅಜ್ಜಿ ಹೆಸರದು!"

ಅಷ್ಟರಲ್ಲಿ ಹಮಾಲರು ಟಂಟಂಗೆ ಹೇರಲು ಚೀಲಕ್ಕೆ ಕೈ ಹಾಕಿದ್ದರು. ನಾನು ವ್ಯಾಕರಣ ಮರೆತು, "ಏ, ತಡೀರೋ! ಚೀಲಾ ಮುಟ್ಟಬ್ಯಾಡ್ರಿ!" ಎಂದು ಕೂಗಿ ಕೀಲಿಮಣೆಯ ಮೇಲೆ ಬಿದ್ದೆ. ಅಂಕಿಗಳನ್ನು ಮುಂದಕ್ಕೆ ತಂದು ಹೆಸರನ್ನು ಸಾಲಿನ ಕೊನೆಗೆ ಹಾಕಿದೆ. ಅಲ್ಲಿ ಅದು ಎಷ್ಟು ಉದ್ದವಾದರೂ ಯಾರನ್ನೂ ತಳ್ಳದು. ಪರದೆ ನೆಟ್ಟಗಾಯಿತು. ಪಾಟೀಲರು ಮತ್ತೆ ಬೆರಳಿಟ್ಟು, ನಾನು ತೋರಿಸಿದ ತಟ್ಟೆಯನ್ನೂ ನೋಡಿ, "ಎಂಬತ್ತೆಂಟು" ಎಂದು ಒಪ್ಪಿದರು. ಆದರೂ ಸಮಾಧಾನವಿಲ್ಲ: "ಹೆಸರು ಕಡೀಕ ಹಾಕ್ತಾರೇನ್ರೀ? ಚಂದ ಕಾಣಂಗಿಲ್ಲ."

"ನಾ ಹಿಂದ ನಿಂತರ ಏನೂ ಅಡ್ಡಿ ಇಲ್ಲರಿ, ಬೀಜ ಮುಂದ ಹೋಗ್ಲಿ" ಎಂದು ಶಾಂತವ್ವ ತಾವೇ ಚೀಲವನ್ನು ಗೋದಾಮಿನ ಕಡೆಗೆ ಎಳೆಯತೊಡಗಿದರು. ಎರಡು ಹೆಜ್ಜೆ ಹೋಗಿ ನಿಂತು ಕೇಳಿದರು: "ತಮ್ಮಾ, ನಿನ್ನ ಹೆಸರೇನಪ್ಪಾ?"

"ಮೃತ್ಯುಂಜಯ" ಎಂದೆ, ಸ್ಪಷ್ಟವಾಗಿ, ಒಂದೂ ಒತ್ತು ಬಿಡದೆ.

"ಅಯ್ಯ ಶಿವನ! ನೀ ಮಾತ್ರ ಬೀಜ ಬೆಳಿಯಾಕ ಹೋಗಬ್ಯಾಡಪಾ" ಎಂದರು.

ಎಲ್ಲರೂ ಊಟಕ್ಕೆ ಹೋದ ಮೇಲೆ, ಹಳೆಯ ಪಟ್ಟಿಯನ್ನು ತೆರೆದು ಎಡಬದಿಯಲ್ಲಿ ನನ್ನ ಹೆಸರನ್ನು ಬರೆದು ನೋಡಿದೆ. ಅಂಕಿಗಳು ನಾನು ಹೆದರಿದಷ್ಟೇನೂ ಸರಿಯಲಿಲ್ಲ. ಮನಸ್ಸಿಗೆ ಹಿತವಾಯಿತು. ಆಮೇಲೆ, ಹೆಸರಿನ ಮೊದಲಿಗೆ 'ಶ್ರೀ' ಇಲ್ಲದಿರುವುದು ಅಷ್ಟು ಸರಿಯಲ್ಲವೆನಿಸಿ, ಅದನ್ನೂ ಸೇರಿಸಿದೆ.